ಹಿಮದಲ್ಲಿ ಮಲಗಿದ ಹುಡುಗಿ

ಅಪ್ಪನ ಕಿವಿಯ ಪಕ್ಕದಿಂದ ದೀಕ್ಷಿತಾ ಅಲಾರಂ ಗಡಿಯಾರವನ್ನು ಮೆಲ್ಲನೆ ಎಳೆದು ತೆಗೆದಳು. ದಿಂಬಿಗೂ ಮಲ್ಲಿಗೆ ಹಾರಕ್ಕೂ ನಡುವೆ ಅದನ್ನು ಯಾರೋ ಬಹಳ ಜಾಗ್ರತೆಯಿಂದ ಸಿಕ್ಕಿಸಿಟ್ಟಿದ್ದರು. ಕೀ ಕೂಡ ಕೊಟ್ಟಿದ್ದರು. ಯಾರ ಕೆಲಸ ಎಂದು ವಿಚಾರಿಸುವ ಅಗತ್ಯವೇ ಇರಲಿಲ್ಲ. ಶವಪೆಟ್ಟಿಗೆಯ ಆಚೆ ಬದಿಯಲ್ಲಿ ಅವಳ ಐದು ವರ್ಷದ ಮಗಳು ಪೂರ್ವಿ ತುದಿಗಾಲಲ್ಲಿ ನಿಂತು, ಮರದ ಅಂಚಿಗೆ ಗಲ್ಲ ಊರಿಕೊಂಡು, ತಾಯಿಯನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಅಮ್ಮಾ, ಡೋಂಟ್ ಟೇಕ್! ಅಜ್ಜನಿಗೆ ಅಲಾರಂ ಬೇಕು."

"ಯಾಕೆ ಪುಟ್ಟಾ?"

"ಹೌ ವಿಲ್ ಹಿ ವೇಕ್ ಅಪ್? ಅಜ್ಜಿ ಸೆಡ್ ಹಿ ಈಸ್ ಸ್ಲೀಪಿಂಗ್. ತುಂಬಾ ಟೈರ್ಡ್ ಅಂತೆ."

ದೀಕ್ಷಿತಾಳಿಗೆ ಮೈಯೆಲ್ಲ ಉರಿದುಹೋಯಿತು. ಗಂಡ ಕೀರ್ತಿರಾಜನಿಗೆ ಮಗಳನ್ನು ಒಪ್ಪಿಸಿ, ಗಡಿಯಾರವನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಒಳಗೆ ನಡೆದಳು.

ಮಲಯ್ ದೇಶದ ಪುಚೊಂಗ್‌ನ ಆ ಸಾಲುಮನೆಯ ಪೋರ್ಚಿನಿಂದ ಕಾರನ್ನು ಹೊರಗೆ ಹಾಕಿ, ಅದು ನಿಲ್ಲುತ್ತಿದ್ದ ಜಾಗದಲ್ಲಿ ನಿತ್ಯಾನಂದರನ್ನು ಮಲಗಿಸಿದ್ದರು. ಅರ್ಧ ರಸ್ತೆಗೆ ಶಾಮಿಯಾನ, ಅದರಡಿ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ಸೈಬರ್‌ಜಯಾದಿಂದ ಬಂದ ಕನ್ನಡದವರು ಒಂದು ಕಡೆ, ಅಕ್ಕಪಕ್ಕದ ತಮಿಳರು ಇನ್ನೊಂದು ಕಡೆ ಕುಳಿತು, ಸಾವಿನ ಮನೆಗೆ ತಕ್ಕ ತಗ್ಗಿದ ದನಿಯಲ್ಲಿ ಹೈವೇ ಟ್ರಾಫಿಕ್ಕಿನ ಕಷ್ಟಸುಖ ಮಾತಾಡಿಕೊಳ್ಳುತ್ತಿದ್ದರು. ಮೊನ್ನೆ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಟಿವಿ ಎದುರು ಒರಗಿದ ನಿತ್ಯಾನಂದರು ಸಂಜೆಯ ಕಾಫಿಗೆ ಏಳಲಿಲ್ಲ. ಸುಖವಾದ ಸಾವು ಎಂದು ಬಂದವರೆಲ್ಲ ಹೇಳಿದರು. ಯಾರಿಗೆ ಸುಖ ಎಂದು ದೀಕ್ಷಿತಾ ಕೇಳಲಿಲ್ಲ.

ಅಡುಗೆಮನೆಯಲ್ಲಿ ಅವಳ ತಾಯಿ ದೇವಕಿ, ಯಾರೋ ಕೈಗಿತ್ತ ಕಾಫಿ ಲೋಟವನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಪಕ್ಕದ ಬೀದಿಯ ಮೈಸೂರಿನ ಕಾಂತಮ್ಮ ಅಕ್ಕಿ, ಎಳ್ಳು, ತುಳಸಿ ಎಂದು ತಟ್ಟೆ ಜೋಡಿಸುತ್ತಿದ್ದರು.

"ಅಮ್ಮಾ, ಪೂರ್ವಿಗೆ ಎಂತ ಹೇಳಿದ್ದು ನೀನು?"

"ಮಗು ಕೇಳಿತು. ಮಲಗಿದ್ದಾರೆ ಅಂದೆ. ಮತ್ತೆ ಎಂತ ಹೇಳ್ಬೇಕಿತ್ತು?"

"ಇನ್ನು ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಕ್ಲೋಸ್ ಮಾಡ್ತಾರೆ. ಮಲಗಿದ ಅಜ್ಜನ ಮೇಲೆ ಮುಚ್ಚಳ ಹಾಕಿ ಸ್ಕ್ರೂ ತಿರುಗ್ಸೋದನ್ನ ಅವಳು ನೋಡ್ಬೇಕಾ? ಉಸಿರು ಕಟ್ಟತ್ತೆ ಅಂತ ಕಿರುಚಿದ್ರೆ ನಾನೇನು ಮಾಡ್ಲಿ?"

ದೇವಕಿ ಲೋಟದೊಳಗೆ ನೋಡಿದಳು. ಕಾಂತಮ್ಮನಿಗೆ ಮಾತ್ರ ಸುಮ್ಮನಿದ್ದು ಗೊತ್ತಿರಲಿಲ್ಲ.

"ಮಗೂನ ನಮ್ಮನೆಗೆ ಕಳ್ಸಿಬಿಡಮ್ಮಾ. ಏನಾದ್ರೂ ಕಾರ್ಟೂನ್ ಹಾಕ್ಕೊಟ್ರೆ ಮರ್ತೇಹೋಗತ್ತೆ."

"ಬೇಡ ಆಂಟಿ. ಕಾರ್ಟೂನ್ ತೋರ್ಸಿ ಮರೆಸೋದು ಈ ಮನೇಲಿ ಹಳೇ ಪದ್ಧತಿ. ಆಗಿದ್ದು ಸಾಕು."

ತಾಯಿ ಕಾಫಿಯನ್ನು ಕುಡಿಯದೆಯೇ ಲೋಟವನ್ನು ಕಟ್ಟೆಯ ಮೇಲಿಟ್ಟಳು. ದೀಕ್ಷಿತಾ ಅದನ್ನು ನೋಡಿಯೂ ನೋಡದವಳಂತೆ ಹೊರಗೆ ಬಂದಳು. ಆದರೆ ಅಲ್ಲಿ ನಿಲ್ಲುವುದೂ ಸುಲಭವಿರಲಿಲ್ಲ, ಏಕೆಂದರೆ ಅಪ್ಪನೊಡನೆ ಅವಳು ಕಡೆಯ ಸಲ ಮಾತಾಡಿದ್ದು ಇದೇ ಪೋರ್ಚಿನಲ್ಲಿ, ಇದೇ ವಿಷಯಕ್ಕೆ, ಇದಕ್ಕಿಂತ ದೊಡ್ಡ ಗಂಟಲಿನಲ್ಲಿ.

ಪೂರ್ವಿಯ ಫೈಟರ್ ಮೀನು ಸತ್ತಿತ್ತು. ಅಜ್ಜ ಅದನ್ನು ಗುಟ್ಟಾಗಿ ಕರಿಬೇವಿನ ಗಿಡದ ಬುಡದಲ್ಲಿ ಹೂತು, ಸೆಖೆ ತಡೆಯಲಾರದೆ ಅದು ಕ್ಯಾಮರಾನ್ ಬೆಟ್ಟಕ್ಕೆ ಹೋಗಿದೆ, ತಂಪಾದ ಮೇಲೆ ಬರುತ್ತದೆ ಎಂದಿದ್ದರು. ಮಗು ಭಾನುವಾರ ಭಾನುವಾರ ಖಾಲಿ ಗಾಜಿನ ಬಟ್ಟಲಿಗೆ ನೀರು ತುಂಬಿಸಿ ಕಾದು ಕೂರತೊಡಗಿತು. ವಿಷಯ ಗೊತ್ತಾದ ದಿನ ದೀಕ್ಷಿತಾ ಅಪ್ಪನಿಗೆ ಹೇಳಿದ್ದಳು: "ನನಗೆ ಸುಳ್ಳು ಹೇಳಿ ಸಾಕಾಗ್ಲಿಲ್ವಾ ನಿಮಗೆ? ಇನ್ನು ನನ್ನ ಮಗಳನ್ನ ಈ ಮನೆಗೆ ಕಳ್ಸಲ್ಲ." ನಿತ್ಯಾನಂದರು ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದವರು ಹಾಕುತ್ತಲೇ ಇದ್ದರು. ಅವಳು ಕೊಟ್ಟ ಮಾತನ್ನು ಉಳಿಸಿಕೊಂಡಳು. ಮೊದಲೆಲ್ಲ ಶನಿವಾರ ರಾತ್ರಿ ಪೂರ್ವಿ ಇಲ್ಲೇ ಮಲಗುತ್ತಿದ್ದಳು. ಬೆಳಿಗ್ಗೆ ಅಜ್ಜನ ಎದೆಯ ಮೇಲೆ ಕುಳಿತು, ನರ್ಸರಿಯಲ್ಲಿ ಕಲಿತ ಮಲಯ್ ಮಾತಿನಲ್ಲಿ, "ಬಂಗುನ್ ಲಾ, ಅಜ್ಜಾ!" ಎಂದು ಎಬ್ಬಿಸುತ್ತಿದ್ದಳು. ಏಳು ಎಂದು ಅರ್ಥ, ಲಾ ಎಂಬುದು ಅಲ್ಲಿನವರ ಮಾತಿಗೆ ಅಂಟುವ ಬಾಲ. ಅಜ್ಜ ಕಳ್ಳನಿದ್ದೆ ಮಾಡುತ್ತಿದ್ದರು. ಮೊದಲ ಕರೆಗೆ ಗೊರಕೆ, ಎರಡನೆಯದಕ್ಕೆ ಇನ್ನೂ ಜೋರು ಗೊರಕೆ, ಮೂರನೆಯದಕ್ಕೆ ಧಡಕ್ಕನೆ ಎದ್ದು ಅವಳನ್ನು ಹಿಡಿದು ಕಚಗುಳಿ. ಆ ಜಗಳದ ನಂತರ ಅವರನ್ನು ಯಾರೂ ಹಾಗೆ ಎಬ್ಬಿಸಲಿಲ್ಲ.

*

ಅದು ತೊಂಬತ್ತೇಳನೆಯ ಇಸವಿ. ನಿತ್ಯಾನಂದರು ಶಾ ಆಲಂನ ಒಂದು ಜಪಾನಿ ಟಿವಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ತರಬೇತಿಗೆಂದು ಜಪಾನಿನಲ್ಲಿ ಇದ್ದು ಬಂದವರು, ಬರುವಾಗ ಅಲ್ಲಿನ ಭಾಷೆಯ ಜೊತೆಗೆ ಅಲ್ಲಿನ ಕಾರ್ಟೂನ್ ಚಿತ್ರಗಳ ಹುಚ್ಚನ್ನೂ ತಂದಿದ್ದರು. ಕಾರ್ಟೂನ್ ಎಂದರೆ ಅವರಿಗೆ ಸಿಟ್ಟು. ಅನಿಮೆ ಎನ್ನಬೇಕು. ಅದಕ್ಕೂ ಹಳೆಯ ಇನ್ನೊಂದು ಹುಚ್ಚು ಅವರಿಗೆ ಉಡುಪಿಯಿಂದಲೇ ಅಂಟಿಕೊಂಡಿತ್ತು. ಕಾಲೇಜಿನ ದಿನಗಳಲ್ಲಿ ಅವರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಒಂದು ಪದ್ಯ ಹಾಡಿದರೆ ಕುಳಿತಲ್ಲೇ ಅದನ್ನು ಮಾತಾಗಿ ಬೆಳೆಸುವ ಕೆಲಸ. ಒಂದು ಸಾಲಿನ ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳಬಲ್ಲ ನಾಲಿಗೆ ಅವರದ್ದು.

ಆ ವರ್ಷ ಒಂದಷ್ಟು ಕಾಲೇಜು ಹುಡುಗ ಹುಡುಗಿಯರು ಸೇರಿ ಪೆಟಾಲಿಂಗ್ ಜಯಾದ ಸಭಾಭವನವೊಂದರಲ್ಲಿ ಅನಿಮೆ ಅಭಿಮಾನಿಗಳ ಸಮಾವೇಶ ನಡೆಸಿದರು. ಸಮಾವೇಶ ಎಂಬುದು ಸ್ವಲ್ಪ ದೊಡ್ಡ ಮಾತಾಯಿತು. ಕೆಟ್ಟುಹೋದ ಏಸಿ, ಗೋಡೆಗೆ ಟೇಪಿನಿಂದ ಅಂಟಿಸಿದ ಪೋಸ್ಟರುಗಳು, ಮೂಲೆಯಲ್ಲಿ ನಾಸಿ ಲೆಮಾಕ್ ಎಂಬ ಕಾಯಿಹಾಲಿನ ಅನ್ನದ ಪೊಟ್ಟಣಗಳ ರಾಶಿ, ಎಲ್ಲಿಂದಲೋ ಕಡ ತಂದ ಪ್ರೊಜೆಕ್ಟರ್. ರಟ್ಟಿನ ರೆಕ್ಕೆ ಕಟ್ಟಿಕೊಂಡ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಏನೋ ಕಾಗದ ಹಂಚುತ್ತಿದ್ದಳು. ಏಳು ವರ್ಷದ ದೀಕ್ಷಿತಾಳಿಗೆ ಕಾಗದ ಕೊಡದೆ ಒಂದು ಟಾಫಿ ಕೊಟ್ಟಳು. ಜನರು ಹೀಗೆ ರೆಕ್ಕೆ ಕಟ್ಟಿಕೊಂಡು ಓಡಾಡುವ ಜಾಗವೊಂದಿದೆ, ಅಲ್ಲಿಗೆ ಅಪ್ಪ ತನ್ನನ್ನು ಕರೆತಂದಿದ್ದಾರೆ ಎಂಬ ಹೆಮ್ಮೆಯಲ್ಲಿ ಅವಳು ಮೊದಲ ಸಾಲಿನ ಕುರ್ಚಿಯಲ್ಲಿ ಕಾಲು ಆಡಿಸುತ್ತ ಕುಳಿತಳು.

ಅಂದು ತೋರಿಸಲಿದ್ದ ಚಿತ್ರದ ವಿಡಿಯೊ ಕ್ಯಾಸೆಟ್ಟಿನಲ್ಲಿ ಬರೀ ಜಪಾನಿ ಇತ್ತು. ಕೆಳಗೆ ಇಂಗ್ಲಿಷ್ ಅಕ್ಷರ ಬರುವ ಪ್ರತಿಗಳು ಇಲ್ಲಿಗಿನ್ನೂ ಬಂದಿರಲಿಲ್ಲ. ಹಾಗಾಗಿ ಪರದೆಯ ಪಕ್ಕ ಮೈಕ್ ಹಿಡಿದು ನಿತ್ಯಾನಂದರು ನಿಂತರು. ಇಂಗ್ಲಿಷಿನಲ್ಲೇ ಹೇಳಿದರು, ಆದರೆ ಧಾಟಿಯೆಲ್ಲ ತಾಳಮದ್ದಳೆಯದು. ಮುದುಕನಿಗೆ ಒಂದು ದನಿ, ಗಾಳಿಗೆ ಒಂದು ದನಿ, ದೀಪಸ್ತಂಭ ಕಾಯುವ ಪುಟ್ಟ ಹುಡುಗಿ ಯುಕಿಗೆ ಇನ್ನೊಂದು. ಬಿರುಗಾಳಿಯಲ್ಲಿ ದೋಣಿಗಳಿಗೆ ದಾರಿ ತೋರಿಸಲು ಯುಕಿ ಸ್ತಂಭದ ಹೊರಗೆ ನಿಂತು ಕಂದೀಲು ಬೀಸುತ್ತಾಳೆ. ಬೆಳಗಾಗುವಾಗ ಹಿಮದ ಮೇಲೆ ಬಿದ್ದಿರುತ್ತಾಳೆ. ಮುದುಕ ಬಂದು ಅವಳ ಮೇಲೆ ಬಟ್ಟೆ ಹೊದಿಸುತ್ತಾನೆ.

ಅಲ್ಲಿಗೆ ಅಪ್ಪನ ದನಿ ನಿಂತಿತು. ಮಾತು ಮರೆತುಹೋಯಿತೇನೋ ಎಂದು ದೀಕ್ಷಿತಾ ತಲೆಯೆತ್ತಿ ನೋಡಿದಳು. ನಿತ್ಯಾನಂದರು ಪರದೆಯನ್ನು ಬಿಟ್ಟು ಸಭೆಯ ಕಡೆ ತಿರುಗಿ ನಿಂತಿದ್ದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು: ಯುಕಿಗೆ ದಣಿವಾಗಿದೆ. ನಿದ್ದೆ ಬಂದಿದೆ. ಚಳಿಯಾಗದಿರಲಿ ಎಂದು ಅಜ್ಜ ಹೊದಿಸುತ್ತಿದ್ದಾನೆ. ಹಿಮ ಕರಗಿದ ಮೇಲೆ ಏಳುತ್ತಾಳೆ.

ರೆಕ್ಕೆಯ ಹುಡುಗಿ ಮೊದಲು ಕೂಗಿದಳು, "ಬಂಗುನ್!" ಆಮೇಲೆ ಸಭೆಗೆ ಸಭೆಯೇ ಕೂಗಿತು. ದೀಕ್ಷಿತಾ ಕುರ್ಚಿ ಹತ್ತಿ ನಿಂತು ಎಲ್ಲರಿಗಿಂತ ಜೋರಾಗಿ ಕೂಗಿದಳು.

ಅವಳು ಹಾಗೆ ಕೂಗಲು ಕಾರಣವಿತ್ತು. ಅದಕ್ಕೂ ಕೆಲವು ತಿಂಗಳ ಹಿಂದೆ ಅವಳ ಕೂಸುತಮ್ಮ ಮಹಿತ್ ಆಸ್ಪತ್ರೆಗೆ ಹೋದವನು ಮನೆಗೆ ಬಂದಿರಲಿಲ್ಲ. ಉಡುಪಿಯಲ್ಲಿ ದೊಡ್ಡಮ್ಮನ ಹತ್ತಿರ ಇದ್ದಾನೆ, ತೊಟ್ಟಿಲಲ್ಲಿ ಮಲಗಿರುತ್ತಾನೆ, ದೊಡ್ಡವನಾದ ಮೇಲೆ ಬರುತ್ತಾನೆ ಎಂದು ಅಪ್ಪ ಹೇಳಿದ್ದರು. ಯುಕಿ ಏಳುವುದಾದರೆ ಮಹಿತನೂ ಬರಬೇಕಲ್ಲ. ಎರಡು ವರ್ಷ ಅವಳು ಕಾದಳು. ರಜೆಗೆ ಉಡುಪಿಗೆ ಹೋದಾಗ ಅವನಿಗೆಂದು ಒಂದು ಆಟದ ಕಾರು ಒಯ್ದಿದ್ದಳು. ದೊಡ್ಡಮ್ಮನ ಮನೆಯ ಕೋಣೆ ಕೋಣೆ ಹುಡುಕುತ್ತಿದ್ದವಳನ್ನು ನೋಡಿ ಅಲ್ಲಿನ ಹುಡುಗನೊಬ್ಬ ನಕ್ಕುಬಿಟ್ಟ. "ಮಹಿತನಾ? ಅವ ಸತ್ತು ಎಷ್ಟು ಕಾಲ ಆಯ್ತು! ನಿಂಗೆ ಗೊತ್ತಿಲ್ವಾ?"

ಆ ಕಾರನ್ನು ಅವಳು ಬಾವಿಗೆ ಎಸೆದಳು. ಹದಿಮೂರರ ವಯಸ್ಸಿನಲ್ಲಿ ಅದೇ ಚಿತ್ರವನ್ನು ಇಂಗ್ಲಿಷ್ ಅಕ್ಷರಗಳೊಂದಿಗೆ ನೋಡಿದಾಗ ಯುಕಿ ಸತ್ತೇಹೋಗಿದ್ದಳು. "ನಿಮಗೆ ಜಪಾನಿ ಬರೋದೇ ಇಲ್ಲ," ಎಂದು ಅಂದು ಅಪ್ಪನ ಮುಖಕ್ಕೆ ಹೊಡೆದಂತೆ ಹೇಳಿದ್ದಳು. ನಿತ್ಯಾನಂದರು ಪೇಪರ್ ಮಡಚುತ್ತ, "ಹೌದು ಮಾರಾಯ್ತಿ, ಅಷ್ಟೊಂದು ಬರುದಿಲ್ಲ," ಎಂದಿದ್ದರು.

*

"ನೀನು ದೀಕ್ಷಿತಾ ಅಲ್ವಾ? ಮೊದಲ ಸಾಲಿನ ದೀಕ್ಷಿತಾ?"

ಇಂಗ್ಲಿಷಿನಲ್ಲಿ ಹಾಗೆ ಕೇಳಿದವಳು ಐವತ್ತರ ಆಸುಪಾಸಿನ ಮಲಯ್ ಹೆಂಗಸು. ಬೂದು ಬಣ್ಣದ ತಲೆವಸ್ತ್ರ, ಕೈಯಲ್ಲಿ ಬಿಳಿ ಹೂವಿನ ಗೊಂಚಲು. ಅವಳ ಹಿಂದೆ ಅದೇ ವಯಸ್ಸಿನ ನಾಲ್ಕಾರು ಜನ, ಹೆಚ್ಚಿನವರು ಚೀನೀಯರು. ತಲೆ ನರೆತ ಒಬ್ಬನ ಕರಿ ಅಂಗಿಯ ಮೇಲೆ ಕಣ್ಣು ದೊಡ್ಡದಾದ ಬೊಂಬೆಯಂಥ ಹುಡುಗಿಯ ಚಿತ್ರವಿತ್ತು. ಕಾಂತಮ್ಮ ಆ ಅಂಗಿಯನ್ನೊಮ್ಮೆ ಪೆಟ್ಟಿಗೆಯನ್ನೊಮ್ಮೆ ನೋಡಿ ದಿಕ್ಕು ತೋಚದೆ ನಿಂತರು.

"ನಾನು ಜಲೀಹಾ. ನೆನಪಿಲ್ವಾ? ರಟ್ಟಿನ ರೆಕ್ಕೆ?"

ದೀಕ್ಷಿತಾಳಿಗೆ ಆ ಮುಖ ನೆನಪಾಗಲಿಲ್ಲ, ಟಾಫಿ ನೆನಪಾಯಿತು. ಅವರನ್ನೆಲ್ಲ ಪೆಟ್ಟಿಗೆಯ ಬಳಿಗೆ ಕರೆದೊಯ್ದಳು. ಕರಿ ಅಂಗಿಯವನು ಜಪಾನೀಯರಂತೆ ಸೊಂಟ ಬಾಗಿಸಿ ನಿಂತವನು ಬಹಳ ಹೊತ್ತು ನೆಟ್ಟಗಾಗಲಿಲ್ಲ.

"ಸರ್ ಥರ ಕತೆ ಹೇಳಿದವರನ್ನ ಆಮೇಲೆ ನಾವು ನೋಡ್ಲೇ ಇಲ್ಲ," ಎಂದಳು ಜಲೀಹಾ.

"ತಪ್ಪು ಕತೆ," ಎಂದಳು ದೀಕ್ಷಿತಾ. ಹೇಳಬಾರದಿತ್ತು ಎಂದು ಆ ಕ್ಷಣವೇ ಅನಿಸಿತು. ಆದರೂ ಮುಂದುವರಿಸಿದಳು. "ಅವರಿಗೆ ಭಾಷೆ ಬರ್ತಿರ್ಲಿಲ್ಲ. ಯುಕಿ ಸಾಯ್ತಾಳೆ. ನಿಮಗೆಲ್ಲ ಆಮೇಲೆ ಗೊತ್ತಾಗಿರ್ಬೇಕು."

ಜಲೀಹಾ ಅವಳನ್ನು ವಿಚಿತ್ರವಾಗಿ ನೋಡಿದಳು. "ಆಮೇಲಾ? ನಮಗೆ ಅವತ್ತೇ ಗೊತ್ತಿತ್ತು ಲಾ. ಬಾಗಿಲಲ್ಲಿ ನಾನು ಹಂಚ್ತಾ ಇದ್ದಿದ್ದು ಏನು ಅಂದ್ಕೊಂಡೆ? ಇಡೀ ಚಿತ್ರದ ಕತೆ, ಕೊನೆಯವರೆಗೂ. ಕ್ಯಾಸೆಟ್ಟಲ್ಲಿ ಚಿತ್ರ ಮಸುಕಾಗಿರ್ತಿತ್ತಲ್ಲ, ಜನಕ್ಕೆ ಅರ್ಥ ಆಗ್ಲಿ ಅಂತ ಮೊದಲೇ ಕೊಡ್ತಿದ್ವಿ. ಅದನ್ನ ಜಪಾನಿಯಿಂದ ಇಂಗ್ಲಿಷಿಗೆ ಮಾಡಿಕೊಟ್ಟಿದ್ದೇ ನಿನ್ನ ಅಪ್ಪ. ಒಂದು ಮಾತೂ ತಪ್ಪಿರಲಿಲ್ಲ."

ದೀಕ್ಷಿತಾ ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡಳು.

"ಮತ್ತೆ ಯಾಕೆ ಹಾಗೆ ಹೇಳಿದ್ರು? ನಾನು ಕೂತಿದ್ದೆ ಅಂತಾನಾ?"

"ನೀನಾ? ಅಲ್ಲ. ನಿನಗೆ ಅದು ಕಾಣಿಸಲಿಲ್ಲ, ನೀನು ಮುಂದಿದ್ದೆ. ನಿನ್ನ ಅಮ್ಮ ಬಂದ್ರು. ಬಾಗಿಲು ತೆಗೆದು ಹಿಂದೆ ನಿಂತ್ರು. ಮನೆಯ ಚಪ್ಪಲಿಯಲ್ಲೇ ಟ್ಯಾಕ್ಸಿ ಹತ್ತಿ ಬಂದಿದ್ರು. ಹೆಗಲ ಮೇಲೆ ಕೂಸಿನ ಟವೆಲ್ ಇತ್ತು. ಕೈಯಲ್ಲಿ ಹಾಲಿನ ಬಾಟಲಿ." ಜಲೀಹಾ ದನಿ ತಗ್ಗಿಸಿದಳು. "ನಿಮ್ಮ ಮನೆಯಲ್ಲಿ ಏನಾಗಿದೆ ಅಂತ ನಮಗೆ ಗೊತ್ತಿತ್ತು. ಕೂಸು ಮಲಗಿದೆ, ಊರಲ್ಲಿದೆ ಅಂತ ನಿನ್ನ ಅಮ್ಮ ಎಲ್ಲರಿಗೂ ಹೇಳ್ತಿದ್ರು. ಇಲ್ಲ ಅಂದವರನ್ನ ಮನೆಯೊಳಗೆ ಸೇರಿಸ್ತಿರ್ಲಿಲ್ಲ. ಸರ್ ಪರದೆ ನೋಡಿದ್ರು. ಅಲ್ಲಿ ಮುದುಕ ಬಟ್ಟೆ ಹೊದಿಸ್ತಿದ್ದ. ಬಾಗಿಲ ಕಡೆ ನೋಡಿದ್ರು. ಆಮೇಲೆ, ಅವಳಿಗೆ ನಿದ್ದೆ ಬಂದಿದೆ ಅಂದ್ರು."

"ನೀವ್ಯಾರೂ ಏನೂ ಅನ್ಲಿಲ್ವಾ?"

"ಏನು ಅನ್ನೋದು? ಎಲ್ಲರ ಕೈಯಲ್ಲೂ ಕಾಗದ ಇತ್ತು. ಒಬ್ಬೊಬ್ಬರೇ ಮಡಚಿ ಜೇಬಲ್ಲಿ ಇಟ್ಕೊಂಡ್ರು. ಇವನು," ಎಂದು ಕರಿ ಅಂಗಿಯವನತ್ತ ಕೈ ಮಾಡಿದಳು, "ಆಗ ಇವನು ದೊಡ್ಡ ಜಗಳಗಂಟ. ಒಂದು ಮಾತು ತಪ್ಪಿದ್ರೂ ಎದ್ದು ನಿಂತು ತಿದ್ದುತ್ತಿದ್ದ. ಇವನೂ ಮಡಚಿಟ್ಟ. ಆದ್ರೆ ಹಾಲ್ ತುಂಬ ಆ ಥರ ಮೌನ. ತಡೆಯೋಕಾಗ್ಲಿಲ್ಲ ನನಗೆ. ಬಂಗುನ್ ಅಂತ ಕೂಗಿಬಿಟ್ಟೆ."

ರಸ್ತೆಯಾಚೆ ಎಲ್‌ಆರ್‌ಟಿ ರೈಲು ಗುಡುಗುಟ್ಟಿಕೊಂಡು ಹೋಯಿತು.

*

ದೇವಕಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಜಲೀಹಾಳನ್ನು ಅವಳು ದೂರದಿಂದಲೇ ಗುರುತು ಹಿಡಿದಿದ್ದಳು. ಮಗಳು ಹತ್ತಿರ ಬಂದು ನಿಂತಾಗ, ಕೇಳುವ ಮೊದಲೇ ಹೇಳಿದಳು.

"ಹೌದು. ಅವ ಊರಲ್ಲಿದ್ದಾನೆ ಅಂತ ಶುರು ಮಾಡಿದ್ದು ನಾನು. ಪದ್ಯ ನನ್ನದು, ದೀಕ್ಷೂ. ನಿನ್ನ ಅಪ್ಪ ಅರ್ಥ ಹೇಳ್ತಾ ಹೋದ್ರು, ಅಷ್ಟೆ."

"ನಾನು ಅವರನ್ನ ಎಷ್ಟು ಬೈದಿದ್ದೀನಿ, ಅಮ್ಮಾ. ಒಂದು ಸಲ ಆದ್ರೂ ಹೇಳ್ಬಾರ್ದಿತ್ತಾ, ನೀನಾದ್ರೂ?"

"ಹೇಳ್ತೇನೆ ಅಂದೆ. ಬೇಡ ಅಂದ್ರು. ಬೈಗುಳ ಒಬ್ಬರಿಗೇ ಇರ್ಲಿ, ಇಬ್ಬರಿಗೆ ಯಾಕೆ ಅಂದ್ರು." ದೇವಕಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಮೀನಿನದ್ದೂ ನಾನೇ ಹೇಳ್ಸಿದ್ದು. ಮಗು ಅಳುದು ನಂಗೆ ನೋಡ್ಲಿಕ್ಕೆ ಆಗುದಿಲ್ಲ. ಅವರನ್ನ ಮುಂದೆ ಮಾಡಿದೆ. ಅವರಿದ್ದಾರಲ್ಲ, ಸುಳ್ಳಿಗೆ ಅಂತ."

ದೀಕ್ಷಿತಾಳಿಗೆ ತಾಯಿಯ ಮೇಲೆ ರೇಗಬೇಕೆನಿಸಿತು. ಅಪ್ಪನ ಮೇಲೆ ರೇಗಿ ರೇಗಿ ಅಭ್ಯಾಸವಾಗಿದ್ದ ಸಿಟ್ಟಿಗೆ ಈ ಕಡೆ ತಿರುಗುವ ದಾರಿ ಕಾಣಲಿಲ್ಲ. ಕಳೆದ ಕೆಲವು ಭಾನುವಾರಗಳ ಬೆಳಗುಗಳಲ್ಲಿ ಅಪ್ಪ ಯಾರ ಕರೆಗೂ ಕಾಯದೆ ಎದ್ದು ಕುಳಿತಿರಬೇಕೆಂದು ನೆನೆದಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟದೆ ಅಲ್ಲೇ ನಿಂತು ಅತ್ತರು.

ಹೊರಗಿನಿಂದ ಪುರೋಹಿತರು ಕರೆದರು. ಗಂಡುಮಕ್ಕಳಿಲ್ಲದ ಮನೆ, ದೀಕ್ಷಿತಾಳೇ ಕ್ರಿಯೆ ಮಾಡಬೇಕಾಗಿತ್ತು. ತುಳಸಿ ನೀರು ಬಿಟ್ಟಳು. ಅಕ್ಕಿಕಾಳು ಹಾಕಲು ಬಾಗಿದಾಗ ಬಾಯನ್ನು ಅಪ್ಪನ ಕಿವಿಯ ಬಳಿ, ಅಲಾರಂ ಇದ್ದ ಜಾಗಕ್ಕೆ ತಂದಳು.

"ನಿಮಗೆ ಜಪಾನಿ ಚೆನ್ನಾಗಿ ಬರ್ತಿತ್ತು, ಅಪ್ಪಾ," ಎಂದಳು.

ಬಂದವರೆಲ್ಲ ಸರದಿಯಲ್ಲಿ ಅಕ್ಕಿ ಹಾಕಿದರು. ಮಂತ್ರ ಮುಗಿಯಿತು. ಶವದ ವ್ಯಾನಿನೊಂದಿಗೆ ಬಂದಿದ್ದ ಇಬ್ಬರು ತಮಿಳರು ಗೋಡೆಗೆ ಒರಗಿಸಿಟ್ಟಿದ್ದ ಮುಚ್ಚಳವನ್ನು ಎರಡೂ ತುದಿಯಲ್ಲಿ ಹಿಡಿದು ಎತ್ತಿದರು. ಹಿರಿಯವನು ದೀಕ್ಷಿತಾಳತ್ತ ನೋಡಿ, "ಮೂಡಲಾಮಾಮ್ಮಾ?" ಎಂದು ಮುಚ್ಚಲು ಅಪ್ಪಣೆ ಕೇಳಿದ.

"ನೋ!" ಪೂರ್ವಿ ಕೀರ್ತಿರಾಜನ ಕೈ ಕೊಸರಿಕೊಂಡು ಓಡಿಬಂದಳು. "ನೋ, ನೋ! ಅಜ್ಜನಿಗೆ ಡಾರ್ಕ್ ಆಗತ್ತೆ! ಹೌ ವಿಲ್ ಹಿ ಬ್ರೀದ್?"

ದೀಕ್ಷಿತಾ ಮಗಳ ಮುಂದೆ ಮೊಣಕಾಲೂರಿ ಕುಳಿತಳು. ನಿಜವನ್ನೇ ಹೇಳಬೇಕು ಎಂದು ಮನೆಯವರೊಂದಿಗೆಲ್ಲ ಜಗಳವಾಡಿದ ಹೆಂಗಸಿಗೆ ಆ ನಿಜ ಬಾಯಿಗೆ ಬರಲಿಲ್ಲ. ಮಗಳ ಭುಜ ಹಿಡಿದುಕೊಂಡಳು. ಬಾಯಿ ತೆರೆದಳು. ನಿದ್ದೆ ಎಂಬ ಮಾತು ನಾಲಿಗೆಯ ತುದಿಗೇ ಬಂದು ನಿಂತಿತ್ತು. ಅಪ್ಪನಿಗೂ ಅಂದು ಹೀಗೆಯೇ ಬಂದಿರಬೇಕು.

ಆಗ ದೇವಕಿ ಬಂದಳು. ಗಂಡನ ಪಕ್ಕ ನಿಂತು, ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟು ಹೇಳಿದಳು.

"ಅಜ್ಜಿ ಸುಳ್ಳು ಹೇಳಿದ್ದು, ಮಗಾ. ಅಜ್ಜ ಮಲಗಿದ್ದಲ್ಲ. ಅಜ್ಜ ಸತ್ತು ಹೋದ್ರು. ಇನ್ನು ಏಳುದಿಲ್ಲ." ಮಲ್ಲಿಗೆ ಹಾರವನ್ನು ಸರಿಮಾಡಿದಳು. "ಮಹಿತ ಅಂತ ನಂಗೊಬ್ಬ ಮಗ ಇದ್ದ. ಅವನೂ ಸತ್ತು ಹೋದ."

ಆ ಮಾತನ್ನು ತಾಯಿಯ ಬಾಯಿಂದ ದೀಕ್ಷಿತಾ ಕೇಳಿದ್ದು ಅದೇ ಮೊದಲು.

ಪೂರ್ವಿ ಅಜ್ಜಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಲೈಕ್ ಮೈ ಫಿಶ್?" ಎಂದಳು.

"ಹೌದು."

"ಒಂದ್ಸಲ ಕರೀಲಾ? ಕ್ಯಾನ್ ಐ ಟ್ರೈ?"

ದೇವಕಿ ಮಗಳ ಮುಖ ನೋಡಿದಳು. ದೀಕ್ಷಿತಾ ಪೂರ್ವಿಯನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಪೆಟ್ಟಿಗೆಯ ಮೇಲೆ ಬಾಗಿದಳು. ಶಾಮಿಯಾನದಡಿ ಕುಳಿತವರು ಒಬ್ಬೊಬ್ಬರೇ ಎದ್ದು ನಿಂತರು. ಜಲೀಹಾ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಬಂಗುನ್ ಲಾ, ಅಜ್ಜಾ."

ಪೂರ್ವಿ ಗೊರಕೆಗೆ ಕಾದಳು.

"ಬಂಗುನ್ ಲಾ, ಅಜ್ಜಾ!"

ಅವಳು ಇನ್ನೊಮ್ಮೆ ಬಾಯಿ ತೆರೆದಳು. ಅಜ್ಜ ಏಳುತ್ತಿದ್ದದ್ದು ಯಾವಾಗಲೂ ಮೂರನೆಯ ಕರೆಗೆ. ಅವರ ಮುಚ್ಚಿದ ಕಣ್ಣುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲನೆ ಬಾಯಿ ಮುಚ್ಚಿಕೊಂಡು, ಅಮ್ಮನ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು.

ಮುಚ್ಚಳ ಹಿಡಿದಿದ್ದ ಇಬ್ಬರ ತೋಳುಗಳೂ ಭಾರಕ್ಕೆ ನಡುಗತೊಡಗಿದ್ದವು. ಆದರೂ ಅವರು ಅದನ್ನು ಇಳಿಸದೆ, ಹಾಗೇ ಎತ್ತಿ ಹಿಡಿದುಕೊಂಡು ನಿಂತಿದ್ದರು.